ವಾಪಸ್ ತೆಗೆದುಕೊಂಡ ನಕ್ಷತ್ರ

“ಇನ್ನೂ ಸ್ವಲ್ಪ ಮೇಲೆ! ಇನ್ನೂ! ಸಾಕು, ಸಾಕು... ಅಯ್ಯೋ, ಈಗ ಎಡಗಡೆ ಇಳೀತು!”

ಜಿಗಣೆ ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತು, ಎರಡೂ ಕೈಯಿಂದ ಹಳದಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಕೆಳಗೆ ಸ್ಕೇಲು ಒಂದು ಕಣ್ಣು ಮುಚ್ಚಿ, ಮೂವತ್ತು ಸೆಂಟಿಮೀಟರಿನ ಪಟ್ಟಿಯನ್ನು ಎತ್ತಿ ಹಿಡಿದು, ಕಾಗದ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂದು ನೋಡುತ್ತಿದ್ದಳು.

ಇವು ಅವರ ನಿಜವಾದ ಹೆಸರುಗಳಲ್ಲ. ಒಂದು ಪ್ರಶ್ನೆ ಹಿಡಿದರೆ ಉತ್ತರ ಸಿಗುವ ತನಕ ಬಿಡುವವಳಲ್ಲ ಎಂದು ಒಬ್ಬಳಿಗೆ ಜಿಗಣೆ ಎಂಬ ಹೆಸರು ಬಿದ್ದಿತ್ತು. ಊಟದ ಡಬ್ಬಿ ಮರೆತರೂ ಪಟ್ಟಿ ಮರೆಯದ ಇನ್ನೊಬ್ಬಳು ಸ್ಕೇಲು. ಸ್ಕೇಲು ಐದನೇ ಕ್ಲಾಸಿನ ಗೋಡೆ ಪತ್ರಿಕೆಯ ಸಂಪಾದಕಿ. ಪ್ರತಿ ಸೋಮವಾರ ಬೆಲ್ ಹೊಡೆಯುವ ಮುಂಚೆ ಅದನ್ನು ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸುವ ಕೆಲಸ ಅವಳದು.

ಆ ವಾರ ಮೇಲುಗಡೆ ಬರಬೇಕಾಗಿದ್ದ ಸುದ್ದಿ, “ಸೈಕಲ್ ಸ್ಟ್ಯಾಂಡಿನ ಬೆಕ್ಕು ಮೂರು ಮರಿ ಹಾಕಿದೆ.” ಅದನ್ನು ಬರೆದವಳು ಸ್ಕೇಲೇ. ಮರಿಗಳ ಚಿತ್ರವನ್ನೂ ಬರೆದಿದ್ದಳು, ಮೀಸೆಗಳನ್ನು ಅಳೆದು. ಆದರೆ ಜಿಗಣೆ ತಂದ ಸುದ್ದಿ ಕೇಳಿದ ಮೇಲೆ ಅವಳು ನಿಟ್ಟುಸಿರು ಬಿಟ್ಟು, ಬೆಕ್ಕನ್ನು ತಾನೇ ಕೆಳಗಿನ ಮೂಲೆಗೆ ಇಳಿಸಿದ್ದಳು.

ಹಳದಿ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು:

“ನಕ್ಷತ್ರ ಸತ್ತಿತು! ಜಗತ್ತಿನಲ್ಲೇ ಮೊದಲು ತಿಳಿದದ್ದು ನಮ್ಮ ಕ್ಲಾಸಿನ ದೊಡ್ಡಮ್ಮನಿಗೆ!”

“ಕ್ಲಾಸಿಗೆ ಎಲ್ಲಾದ್ರೂ ದೊಡ್ಡಮ್ಮ ಇರ್ತಾರಾ?” ಎಂದು ಸ್ಕೇಲು ತಕರಾರು ತೆಗೆದಿದ್ದಳು.

“ನನ್ನ ದೊಡ್ಡಮ್ಮ ಅಂದ್ರೆ ಕ್ಲಾಸಿಗೆಲ್ಲ ದೊಡ್ಡಮ್ಮನೇ. ಇರಲಿ ಬಿಡೇ!”

ಕಾಗದದ ಬಲ ಅಂಚಿನಲ್ಲಿ ಒಂದು ಕೆಂಪು ಬಾಣ. ಅದರ ಪಕ್ಕದಲ್ಲಿ “ಈ ಕಡೆ, ನೀರಿನ ಟ್ಯಾಂಕಿನ ಮೇಲೆ” ಎಂದು ಬರೆದಿತ್ತು.

ಅಸೆಂಬ್ಲಿಯಲ್ಲಿ ಹೆಡ್ ಮಿಸ್ ಈ ಸುದ್ದಿಯನ್ನು ಮೈಕಿನಲ್ಲಿ ಓದಿಯೇಬಿಟ್ಟರು. “ನಾಳೆ ಮಧ್ಯಾಹ್ನ ಪಾಲಕರ ಸಭೆ ಇದೆ. ಈ ಹುಡುಗಿ ಗೋಡೆ ಪತ್ರಿಕೆ ಪಕ್ಕ ನಿಂತು, ಬಂದವರಿಗೆಲ್ಲ ವಿವರಿಸ್ತಾಳೆ” ಎಂದೂ ಸೇರಿಸಿದರು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಜಿಗಣೆಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಸುದ್ದಿ ಹುಟ್ಟಿದ್ದು ಭಾನುವಾರ, ಊಟದ ಹೊತ್ತಿನಲ್ಲಿ. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಅವಳ ಕೆಲಸ, ಭೂಮಿಯ ಸುತ್ತ ತಿರುಗುವ ಒಂದು ಉಪಗ್ರಹ ಏನು ಕಂಡಿತು ಎಂದು ನೋಡುವುದು. ಅವಳ ತಂಡದವರು ವಾರಕ್ಕೊಬ್ಬರಂತೆ ಒಂದು ಡ್ಯೂಟಿ ಫೋನ್ ಇಟ್ಟುಕೊಳ್ಳುತ್ತಾರೆ. ಉಪಗ್ರಹಕ್ಕೆ ಏನಾದರೂ ಕಂಡರೆ ಆ ಫೋನ್ ಬಾತುಕೋಳಿಯ ಹಾಗೆ ಕೂಗುತ್ತದೆ. ಸ್ನಾನದ ಮನೆಗೆ ಹೋದರೂ ಅದನ್ನು ಜೊತೆಗೇ ಒಯ್ಯಬೇಕು.

ಭಾನುವಾರ ಅದು ಕೂಗಿತು. ದೊಡ್ಡಮ್ಮ ಚಮಚ ಬಿಟ್ಟು ತಟ್ಟೆಗಳ ನಡುವೆಯೇ ಲ್ಯಾಪ್‌ಟಾಪ್ ತೆರೆದಳು. ಹತ್ತು ನಿಮಿಷ ಯಾರ ಮಾತೂ ಅವಳ ಕಿವಿಗೆ ಹೋಗಲಿಲ್ಲ. ಆಮೇಲೆ, “ಗಾಮಾ ಕಿರಣದ ಸ್ಫೋಟ ಕಣ್ರೇ! ಆರು ಸೆಕೆಂಡು!” ಎಂದು ಕೂಗಿ, ಜಗತ್ತಿನ ದೂರದರ್ಶಕದವರಿಗೆಲ್ಲ ಒಂದೇ ಸಲಕ್ಕೆ ಮೇಲ್ ಕಳಿಸಿದಳು. ಬಲು ದೂರದ ಒಂದು ದೊಡ್ಡ ನಕ್ಷತ್ರ ಸಾಯುವಾಗ ಹೊಮ್ಮುವ ಕಿರಣ ಅದು, ಡೈನೋಸಾರ್‌ಗಳಿಗಿಂತ ಎಷ್ಟೋ ಮೊದಲೇ ಹೊರಟಿದ್ದು, ಇವತ್ತು ಬಂದು ಮುಟ್ಟಿತು ಎಂದು, ಕಿಟಕಿಯಾಚೆ ಶಾಲೆಯ ನೀರಿನ ಟ್ಯಾಂಕಿನ ಮೇಲಿನ ಆಕಾಶ ತೋರಿಸಿದಳು.

ಜಿಗಣೆಗೆ ಅಷ್ಟು ಸಾಕಾಗಿತ್ತು. ಎದ್ದು ಹೋಗಿ ಹಳದಿ ಕಾಗದ ಹುಡುಕತೊಡಗಿದಳು.

ಸೋಮವಾರ ಶಾಲೆ ಬಿಟ್ಟ ಕೂಡಲೇ ಅವಳು ದೊಡ್ಡಮ್ಮನ ಆಫೀಸಿಗೆ ಓಡಿದಳು. ಅಮ್ಮನ ಕೆಲಸ ಮುಗಿಯುವುದು ಆರಕ್ಕೆ. ಅಲ್ಲಿಯ ತನಕ ಜಿಗಣೆಯ ಹೋಂವರ್ಕ್ ನಡೆಯುವುದು ಆ ಆಫೀಸಿನ ಮೂರನೇ ಮಹಡಿಯಲ್ಲೇ.

ಅದು ಉದ್ದನೆಯ ಕೋಣೆ. ಗೋಡೆಯಲ್ಲಿ ಎರಡು ಗಡಿಯಾರ, ಒಂದು ಊರಿನ ಸಮಯಕ್ಕೆ, ಇನ್ನೊಂದು ಉಪಗ್ರಹದ ಸಮಯಕ್ಕೆ. ದೊಡ್ಡಮ್ಮ ಊಟಕ್ಕೂ ಎರಡನೆಯದನ್ನೇ ನೋಡಿ ತಡಮಾಡುತ್ತಾಳೆ ಎಂದು ಅಮ್ಮನ ದೂರು. ಕಿಟಕಿಯ ಕಟ್ಟೆಯ ಮೇಲೆ ಗಾಜಿನಂಥ ಒಂದು ಹರಳು, ರೊಟ್ಟಿಯಷ್ಟು ಅಗಲ. ಉಪಗ್ರಹದಲ್ಲಿ ಇಂಥವು ಎಂಟು ಇವೆ.

“ದೊಡ್ಡಮ್ಮಾ! ಹೆಡ್ ಮಿಸ್ ಮೈಕಲ್ಲಿ ಓದಿದ್ರು! ನಾಳೆ ನಾನು ಪಾಲಕರಿಗೆಲ್ಲ—”

ದೊಡ್ಡಮ್ಮ ತಿರುಗಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಪರದೆ ನೋಡುತ್ತಿದ್ದಳು. ಅವಳ ಕಾಫಿ ಹಾಗೇ ಆರಿ, ಮೇಲೆ ಕೆನೆ ಕಟ್ಟಿತ್ತು.

“ಏನಾಯ್ತು?”

“ಬಾ ಇಲ್ಲಿ, ಜಿಗಣೆ. ಕೂತ್ಕೋ.” ದೊಡ್ಡಮ್ಮ ಪಕ್ಕದ ಕುರ್ಚಿ ಎಳೆದಳು. “ಆ ಸ್ಫೋಟ ಇದೆಯಲ್ಲ... ಅದು ಸ್ಫೋಟ ಅಲ್ಲ ಅನ್ಸತ್ತೆ.”

ಜಿಗಣೆ ಅರ್ಧ ಕೂತವಳು ಎದ್ದುಬಿಟ್ಟಳು.

“ಅಂದ್ರೆ? ನೀನೇ ಹೇಳಿದ್ದಲ್ಲ! ಆರು ಸೆಕೆಂಡು ಅಂತ!”

“ಹೇಳಿದ್ದೆ. ನಿನ್ನೆ ಉಪಗ್ರಹದಿಂದ ನಾಲ್ಕು ಹರಳಿನ ಲೆಕ್ಕ ಮಾತ್ರ ಬಂದಿತ್ತು. ಭೂಮಿ ಮೇಲಿನ ಒಂದು ಆಂಟೆನಾ ರಿಪೇರೀಲಿತ್ತು, ಉಳಿದ ನಾಲ್ಕರದ್ದು ಬಂದಿದ್ದು ಈಗ ಮಧ್ಯಾಹ್ನ.”

“ನಾಲ್ಕಿದ್ರೆ ಸಾಲ್ದಾ? ಅಷ್ಟಕ್ಕೂ ಈ ಹರಳು ಯಾಕೆ ಅಷ್ಟು ಮೇಲೆ ಹೋಗ್ಬೇಕು? ಇಲ್ಲೇ ಮಹಡಿ ಮೇಲೆ ಇಡಬಹುದಲ್ಲ?”

ಹುಬ್ಬು ಗಂಟಿಕ್ಕಿಕೊಂಡಿದ್ದ ದೊಡ್ಡಮ್ಮನಿಗೂ ನಗು ಬಂತು. “ಶುರುವಾಯ್ತು ನೋಡು! ಗಾಮಾ ಕಿರಣ ಗಾಳಿ ದಾಟಿ ಕೆಳಗೆ ಬರಲ್ಲ ಕಣೇ. ಮೇಲೇ ನಿಂತ್ಹೋಗತ್ತೆ. ಹಾಗಾಗಿ ನಾವೇ ಗಾಳಿ ದಾಟಿ ಹೋಗ್ಬೇಕು. ಕಿರಣ ಬಂದು ಹರಳಿಗೆ ತಾಗಿದ್ರೆ ಒಂದು ಚಿಕ್ಕ ಮಿಂಚು. ಎಷ್ಟು ಮಿಂಚು ಅಂತ ಎಣಿಸೋದೇ ನಮ್ಮ ಕೆಲಸ.”

“ಎಣಿಸಿದ್ರೆ ಯಾವ ಕಡೆಯಿಂದ ಬಂತು ಅಂತ ಹೇಗೆ ಗೊತ್ತಾಗತ್ತೆ?”

ದೊಡ್ಡಮ್ಮ ಮೇಜಿನ ದೀಪ ಹಚ್ಚಿದಳು. “ಕಣ್ಣು ಮುಚ್ಚು.”

ಜಿಗಣೆ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬಲಗೆನ್ನೆ ಬೆಚ್ಚಗಾಯಿತು.

“ದೀಪ ಎಲ್ಲಿದೆ?”

“ಬಲಗಡೆ.”

“ನೋಡದೇ ಹೇಗೆ ಹೇಳ್ದೆ?”

“ಆ ಕೆನ್ನೆ ಬಿಸಿ. ಎಡಗೆನ್ನೆ ತಣ್ಣಗಿದೆ.” ಜಿಗಣೆ ಥಟ್ಟನೆ ಕಣ್ಣು ಬಿಟ್ಟಳು. “ಓ! ಎಂಟು ಹರಳು ಎಂಟು ಕಡೆಗೆ ಮುಖ ಮಾಡಿವೆಯಾ?”

“ಹ್ಞಾಂ! ನಕ್ಷತ್ರದ ಕಡೆ ಮುಖ ಮಾಡಿದ ಹರಳಿಗೆ ಜಾಸ್ತಿ, ಬೆನ್ನು ಮಾಡಿದ್ದಕ್ಕೆ ಕಮ್ಮಿ. ಈಗ ನೀನೇ ನೋಡು.”

ಪರದೆಯ ಮೇಲೆ ಎಂಟು ಗೆರೆಗಳಿದ್ದವು, ಒಂದರ ಕೆಳಗೊಂದು. ಎಲ್ಲವೂ ನಡುಗುವ ಕೈಯಲ್ಲಿ ಬರೆದಂತೆ ಅಂಕುಡೊಂಕು. ಮೊದಲ ನಾಲ್ಕರಲ್ಲಿ ನಡುವೆ ಒಂದೊಂದು ಗುಡ್ಡ ಎದ್ದಿತ್ತು, ಒಂದು ತುಸು ಎತ್ತರ, ಇನ್ನೊಂದು ತುಸು ಗಿಡ್ಡ. ಭಾನುವಾರ ದೊಡ್ಡಮ್ಮ ನೋಡಿದ್ದು ಇವನ್ನೇ. ಜಿಗಣೆ ಬೆರಳಿಟ್ಟು ಕೆಳಗೆ ಜಾರಿಸಿದಳು. ಐದನೆಯದರಲ್ಲೂ ಗುಡ್ಡ. ಆರು. ಏಳು. ಎಂಟು.

“ಎಂಟಕ್ಕೂ ಇದೆ!”

“ಒಂದನೇದಕ್ಕೆ ಬೆನ್ನು ಮಾಡಿರೋದು ಐದನೇದು. ಎರಡೂ ಎಷ್ಟೆಷ್ಟು ಎತ್ತರ ಇವೆ?”

ಸ್ಕೇಲು ಇಲ್ಲಿರಬೇಕಿತ್ತು ಎನಿಸಿತು ಜಿಗಣೆಗೆ. ಪೆನ್ಸಿಲನ್ನೇ ಪರದೆಗೆ ಒತ್ತಿ ಅಳೆದಳು. ಒಂದನೆಯದು ಉಗುರಿನಷ್ಟು. ಐದನೆಯದೂ ಉಗುರಿನಷ್ಟೇ.

“ಎರಡೂ ಕೆನ್ನೆ ಒಂದೇ ಥರ ಬಿಸಿ,” ಎಂದಳು ನಿಧಾನವಾಗಿ. “ಅಂದ್ರೆ ಅದು ಒಂದು ಕಡೆಯಿಂದ ಬಂದಿದ್ದಲ್ಲ. ಸುತ್ತಲೂ ಇತ್ತು. ಮಂಜಿನೊಳಗೆ ನಡೆದ್ರೆ ಎರಡೂ ಕೆನ್ನೆ ಒದ್ದೆ ಆಗತ್ತಲ್ಲ, ಹಾಗೆ.”

ದೊಡ್ಡಮ್ಮ ಅವಳನ್ನೇ ನೋಡಿದಳು. “ಇದನ್ನ ಕಂಡುಹಿಡಿಯೋಕೆ ನನಗೆ ಅರ್ಧ ಗಂಟೆ ಬೇಕಾಯ್ತು. ಹೌದು ಮರಿ. ಭೂಮಿ ಸುತ್ತ ಸಣ್ಣ ಸಣ್ಣ ಕಣಗಳು ಓಡಾಡ್ತಾ ಇರ್ತವೆ. ಒಂದೊಂದು ಜಾಗದಲ್ಲಿ ದಟ್ಟ. ಉಪಗ್ರಹ ಅಂಥ ಒಂದು ಗುಂಪಿನೊಳಗೆ ಹಾದುಹೋಗಿದೆ, ಅಷ್ಟೇ. ಯಾವ ನಕ್ಷತ್ರಾನೂ ಸತ್ತಿಲ್ಲ.”

ಒಂದು ಗಳಿಗೆ ಜಿಗಣೆಗೆ ಖುಷಿಯೇ ಆಗಿತ್ತು, ಒಗಟು ಬಿಡಿಸಿದ ಖುಷಿ. ಮರುಗಳಿಗೆಗೆ ಹಳದಿ ಕಾಗದ ನೆನಪಾಯಿತು. ಹೆಡ್ ಮಿಸ್, ಮೈಕು, ಚಪ್ಪಾಳೆ, ನಾಳೆಯ ಸಭೆ, ಎಲ್ಲ ಸಾಲಾಗಿ ನೆನಪಾದವು.

“ಈಗ ಏನ್ಮಾಡ್ತೀಯ?”

“ಮಾಡೋದೇನು? ನಿನ್ನೆ ಯಾರ್‍ಯಾರಿಗೆ ಕಳಿಸಿದ್ನೋ ಅವರಿಗೆಲ್ಲ ಇನ್ನೊಂದು ಮೇಲ್. ನಾನು ಹೇಳಿದ್ದು ತಪ್ಪು, ವಾಪಸ್ ತಗೊಳ್ತಿದೀನಿ ಅಂತ.”

“ಎಲ್ಲಾರಿಗೂ? ಇಡೀ ಜಗತ್ತಿಗೆ?” ಜಿಗಣೆಗೆ ನಂಬಲಾಗಲಿಲ್ಲ. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಅಜ್ಜಿ ಹೇಳ್ತಿರ್ತಾಳೆ!”

“ನಮ್ಮ ಕೆಲಸದಲ್ಲಿ ಹಾಗಲ್ಲ. ಆಡಿದ ಮಾತು ವಾಪಸ್ ತಗೊಳ್ಳೋಕೆ ಅಂತಾನೇ ಒಂದು ನಮೂನೆ ಇದೆ. ಖಾಲಿ ಜಾಗ ತುಂಬಿದ್ರಾಯ್ತು.”

“ಹಾಗಿದ್ರೆ ನಿನ್ನೇನೇ ಕಾಯ್ಬೇಕಿತ್ತು ನೀನು! ಎಂಟೂ ಬರೋ ತನಕ!” ಅವಳಿಗೆ ಸಿಟ್ಟು ಬಂದಿತ್ತು. ದೊಡ್ಡಮ್ಮನ ಮೇಲೇ ಬಂದಿತ್ತು.

“ನಿಜವಾದ ಸ್ಫೋಟ ಆಗಿದ್ರೆ? ಅದರ ಬೆಳಕು ಗಂಟೆಗಂಟೆಗೂ ಮಂಕಾಗ್ತಾ ಹೋಗತ್ತೆ. ನಾನು ಇವತ್ತು ಹೇಳಿದ್ರೆ ಯಾರಿಗೂ ಏನೂ ಕಾಣ್ತಿರ್ಲಿಲ್ಲ. ಬೇಗ ಹೇಳ್ಬೇಕು. ತಪ್ಪಾದ್ರೆ ಅದನ್ನೂ ಬೇಗ ಹೇಳ್ಬೇಕು.”

ಜಿಗಣೆ ದೊಡ್ಡಮ್ಮನ ತೋಳು ಹಿಡಿದಳು. “ಹಾಗಿದ್ರೆ ನಾಳೆ ಸಾಯಂಕಾಲ ಕಳಿಸು. ಪಾಲಕರ ಸಭೆ ಮುಗಿದ ಮೇಲೆ. ಒಂದೇ ದಿನ, ದೊಡ್ಡಮ್ಮ. ಪ್ಲೀಸ್.”

ದೊಡ್ಡಮ್ಮ ಬೈಯಲಿಲ್ಲ. ಒಂದು ಮೇಲ್ ತೆರೆದು ಓದಿದಳು. ಎಲ್ಲೋ ದೂರದ ಬೆಟ್ಟದ ಮೇಲಿನ ದೂರದರ್ಶಕದವರದು. “ಮೋಡ ಸರಿದಿದೆ. ನೀವು ಹೇಳಿದ ಜಾಗವನ್ನೇ ನೋಡುತ್ತಿದ್ದೇವೆ. ಇನ್ನೂ ಏನೂ ಸಿಕ್ಕಿಲ್ಲ. ಬಿಡುವುದಿಲ್ಲ, ಹುಡುಕುತ್ತೇವೆ.”

“ಇವರು ನನ್ನ ಮಾತು ನಂಬಿ ಖಾಲಿ ಜಾಗ ನೋಡ್ತಾ ಕೂತಿದಾರೆ ಕಣೇ. ನಾಳೆ ತನಕ ಕೂರಿಸ್ಲಾ?”

ದೊಡ್ಡಮ್ಮ ಬರೆಯತೊಡಗಿದಳು. ನಾಲ್ಕೇ ಸಾಲು. ಆಂಟೆನಾ ಕೆಟ್ಟಿತ್ತು ಎಂದೇನೂ ದೂರಲಿಲ್ಲ. ತಾನು ಏನು ಹೇಳಿದ್ದೆ, ಅದು ಯಾಕೆ ತಪ್ಪು, ಅದು ನಿಜವಾಗಿ ಏನು, ಕೊನೆಗೆ ತನ್ನ ಹೆಸರು. ಕಳಿಸುವ ಗುಂಡಿಯ ಮೇಲೆ ಅವಳ ಬೆರಳೂ ಒಂದು ಕ್ಷಣ ನಿಂತಿತು.

“ನನಗೂ ಮುಜುಗರಾನೇ,” ಎಂದಳು. “ಏನೂ ಅನ್ಸಲ್ಲ ಅಂದ್ಕೋಬೇಡ.” ಒತ್ತಿದಳು.

ಬೆಟ್ಟದವರ ಉತ್ತರ ಐದು ನಿಮಿಷಕ್ಕೆ ಬಂತು. “ತಿಳಿಸಿದ್ದಕ್ಕೆ ಥ್ಯಾಂಕ್ಸ್. ಬೇರೆ ಕಡೆ ತಿರುಗಿಸುತ್ತಿದ್ದೇವೆ.” ಬೈಗುಳ ಇದೆಯೇನೋ ಎಂದು ಜಿಗಣೆ ಎರಡು ಸಲ ಓದಿದಳು. ಇರಲಿಲ್ಲ.

ಆದರೂ ರಾತ್ರಿ ಹಾಸಿಗೆಯಲ್ಲಿ ಅವಳು ತನ್ನದೇ ಲೆಕ್ಕ ಹಾಕಿದಳು. ಶಾಲೆಯಲ್ಲಿ ಆ ಮೇಲ್ ಓದುವವರು ಯಾರಿದ್ದಾರೆ? ಯಾರೂ ಇಲ್ಲ. ಮುಂದಿನ ಸೋಮವಾರ ಹೇಗೂ ಪತ್ರಿಕೆ ಬದಲಾಗುತ್ತದೆ. ಅಲ್ಲಿಯ ತನಕ ಬಾಯಿಗೆ ಬೀಗ ಹಾಕಿಕೊಂಡರಾಯಿತು. ದೊಡ್ಡಮ್ಮನದು ದೊಡ್ಡವರ ವಿಷಯ. ಇದು ಬರೀ ಹಳದಿ ಕಾಗದ.

ಮಂಗಳವಾರ ಬೆಳಿಗ್ಗೆ ಬೀಗ ಗಟ್ಟಿಯಾಗಿಯೇ ಇತ್ತು. ಸ್ಕೇಲು, “ಏನೇ, ಇವತ್ತು ಒಂದು ಪ್ರಶ್ನೇನೂ ಕೇಳಿಲ್ಲ ನೀನು? ಹುಷಾರಿದೀಯ ತಾನೇ?” ಎಂದಾಗಲೂ ತೆರೆಯಲಿಲ್ಲ.

ಚಿಕ್ಕ ಬಿಡುವಿನಲ್ಲಿ ಅವಳು ನೀರು ಕುಡಿಯಲು ನಲ್ಲಿಯ ಹತ್ತಿರ ಹೋದಳು. ಆಟದ ಬಯಲಿನಲ್ಲಿ ಎಂದಿನಂತೆ ಗಲಾಟೆ. ಆದರೆ ಉಯ್ಯಾಲೆ ಸುಮ್ಮನೆ ತೂಗುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಆ ಉಯ್ಯಾಲೆಗಾಗಿ ಒಂದನೇ ಕ್ಲಾಸಿನವರು ದಿನಾ ಕೂದಲು ಹಿಡಿದು ಜಗಳವಾಡುತ್ತಿದ್ದರು. ಎಲ್ಲಿ ಹೋದರು ಇವರು?

ಟ್ಯಾಂಕಿನ ನೆರಳಿನಲ್ಲಿದ್ದರು. ಐದು ಜನ ಪುಟಾಣಿಗಳು ಸಾಲಾಗಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಆಕಾಶ ನೋಡುತ್ತಿದ್ದರು.

“ಏನ್ ನೋಡ್ತಿದೀರೋ?”

“ಸತ್ತ ನಕ್ಷತ್ರ,” ಎಂದಳು ಮುಂದಿನ ಎರಡು ಹಲ್ಲಿಲ್ಲದ ಒಬ್ಬ ಪುಟಾಣಿ. ಪಿಸುಮಾತಿನಲ್ಲಿ ಹೇಳಿದಳು, ಜೋರಾಗಿ ಹೇಳಿದರೆ ಅದು ಓಡಿಹೋಗುತ್ತದೇನೋ ಎಂಬಂತೆ. “ಗೋಡೇಲಿ ಬಾಣ ಇದೆಯಲ್ಲಕ್ಕ, ಈ ಕಡೆ ಅಂತ. ನಿನ್ನೆಯಿಂದ ನೋಡ್ತಿದೀವಿ. ಇನ್ನೂ ಬಂದಿಲ್ಲ.”

“ಉಯ್ಯಾಲೆ ಖಾಲಿ ಇದೆ. ಆಡ್ಲಿಲ್ವಾ?”

“ಇಲ್ಲ. ಆಡೋಕೆ ಹೋದಾಗ ಬಂದ್ಬಿಟ್ರೆ?”

ಪಕ್ಕದ ಹುಡುಗ ಕತ್ತು ಉಜ್ಜಿಕೊಂಡ. ಉಜ್ಜಿಕೊಂಡು ಮತ್ತೆ ಮೇಲೆ ನೋಡಿದ.

ಅಲ್ಲಿ ಏನೂ ಇಲ್ಲ ಎಂದು ಈ ಇಡೀ ಬಯಲಿನಲ್ಲಿ ಜಿಗಣೆಯೊಬ್ಬಳಿಗೇ ಗೊತ್ತಿತ್ತು. ನೀರು ಕುಡಿಯುವುದನ್ನೂ ಮರೆತು ಅವಳು ಮೆಟ್ಟಿಲು ಹತ್ತಿ ಓಡಿದಳು.

“ಸ್ಕೇಲು, ಆ ಹಳದಿ ಕಾಗದ ತೆಗೀಬೇಕು. ಅದು ತಪ್ಪು.”

ಸ್ಕೇಲು ಕೇಳಿಸಿಕೊಂಡಳು. ಮೊದಲು ಅವಳ ಬಾಯಿ ತೆರೆಯಿತು. ಆಮೇಲೆ ಮೂಗು ಕೆಂಪಾಯಿತು. “ನಿನಗೋಸ್ಕರ ನನ್ನ ಬೆಕ್ಕನ್ನ ಮೂಲೆಗೆ ಹಾಕ್ದೆ ನಾನು! ಈಗ ಅಂಟು ಬೇರೆ ಒಣಗಿದೆ. ಕಿತ್ರೆ ಬೆಕ್ಕೂ ಹರಿದುಹೋಗತ್ತೆ!”

“ಗೊತ್ತು. ಅದಕ್ಕೆ ಮೇಲೇನೇ ಇನ್ನೊಂದು ಅಂಟಿಸೋಣ. ಅಷ್ಟೇ ದೊಡ್ಡದು, ಅದೇ ಜಾಗದಲ್ಲಿ. ಚಿಕ್ಕದು ಬೇಡ.”

ಸ್ಕೇಲು ಒಂದಷ್ಟು ಹೊತ್ತು ದುರುಗುಟ್ಟಿ ನೋಡಿದಳು. ಕೊನೆಗೆ ಪಟ್ಟಿ ತೆಗೆದು ಹೊಸ ಕಾಗದ ಅಳೆಯತೊಡಗಿದಳು.

ಮೊದಲ ಸಲ ಬರೆದಾಗ ಜಿಗಣೆಯ ಕೈ ತಾನಾಗಿಯೇ, “ದೊಡ್ಡಮ್ಮ ನನಗೆ ತಪ್ಪು ಹೇಳಿದ್ದರಿಂದ” ಎಂದು ಶುರುಮಾಡಿತು. ಅವಳು ಅದನ್ನು ನೋಡಿದಳು, ಹೊಡೆದುಹಾಕಿದಳು. ಎರಡನೆಯ ಸಲ ನಾಲ್ಕೇ ಸಾಲಿನಲ್ಲಿ ಮುಗಿಯಿತು:

“ಸೋಮವಾರ ನಾನು ನಕ್ಷತ್ರ ಸತ್ತಿತು ಎಂದು ಬರೆದೆ. ಅದು ತಪ್ಪು. ಉಪಗ್ರಹದ ಎಂಟೂ ಹರಳುಗಳು ಒಂದೇ ಸಮ ಮಿಂಚಿದ್ದರಿಂದ, ಅದು ನಕ್ಷತ್ರವಲ್ಲ, ಭೂಮಿಯ ಸುತ್ತಲಿನ ಕಣಗಳು. ಟ್ಯಾಂಕಿನ ಮೇಲೆ ಏನೂ ಇಲ್ಲ, ದಯವಿಟ್ಟು ಆಟಕ್ಕೆ ಹೋಗಿ.” ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು.

ಹೆಡ್ ಮಿಸ್ ಕನ್ನಡಕ ಹಣೆಗೇರಿಸಿ ಓದಿದರು. ಗೋಡೆಯ ಗಡಿಯಾರ ನೋಡಿದರು. “ಪಾಲಕರು ಇನ್ನೆರಡು ಗಂಟೇಲಿ ಬರ್ತಾರೆ.”

“ಗೊತ್ತು ಮಿಸ್.”

“ನಾನು ಮೈಕಲ್ಲಿ ಬೇರೆ ಓದಿದೀನಿ.”

“ಗೊತ್ತು ಮಿಸ್.” ಈ ಸಲ ದನಿ ಸಣ್ಣಗಿತ್ತು.

ಹೆಡ್ ಮಿಸ್ ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಮೇಜಿನ ಖಾನೆ ಎಳೆದರು. “ಅಂಟು ಇದೆಯಾ, ನಾನು ಕೊಡ್ಲಾ?”

ಮಧ್ಯಾಹ್ನ ಮೆಟ್ಟಿಲ ಬಳಿ ಜನ ಸೇರಿದರು. ಕೆಲವರು ಓದಿ ಸುಮ್ಮನೆ ಮುಂದೆ ಹೋದರು. ಒಬ್ಬ ತಾಯಿ ಬೆಕ್ಕಿನ ಮರಿಗಳ ಚಿತ್ರವನ್ನೇ ನೋಡುತ್ತ ನಿಂತಳು, ಸ್ಕೇಲು ಹಿಗ್ಗಿ ಹೀರೇಕಾಯಿಯಾದಳು. ಯಾರದೋ ಅಪ್ಪ, ದಪ್ಪ ದನಿಯವರು, ಜೋರಾಗಿ ನಕ್ಕರು. “ನೋಡ್ರಪ್ಪಾ, ಸತ್ತ ನಕ್ಷತ್ರ ಮತ್ತೆ ಬದುಕಿಬಿಡ್ತಂತೆ!” ಸುತ್ತಲಿದ್ದವರೂ ನಕ್ಕರು.

ಜಿಗಣೆಯ ಕಿವಿ ಬಿಸಿಯಾಯಿತು. ನೆಲ ಬಾಯಿಬಿಡಬಾರದೇ ಎನಿಸಿತು. ಓಡಿಹೋಗಲು ಕಾಲು ತಯಾರಾಗಿತ್ತು, ಆದರೆ ಹೆಡ್ ಮಿಸ್ ನಿಲ್ಲಲು ಹೇಳಿದ್ದರಲ್ಲ, ನಿಂತಳು.

ಆಗ ಯಾರೋ ಅವಳ ಅಂಗಿಯ ತುದಿ ಹಿಡಿದೆಳೆದರು. ಹಲ್ಲಿಲ್ಲದ ಪುಟಾಣಿ. ಹಿಂದೆ ಉಳಿದ ನಾಲ್ವರು. ಯಾರೋ ಅವರಿಗೆ ಓದಿ ಹೇಳಿದ್ದರು.

“ಅಕ್ಕ, ಅಲ್ಲಿ ಏನೂ ಇಲ್ವಂತೆ?”

“ಇಲ್ಲ. ನಾನು ತಪ್ಪು ಬರೆದಿದ್ದೆ. ನಿಮ್ಮ ಎರಡು ದಿನದ ಆಟ ಹಾಳಾಯ್ತು.” ಅವಳಿಗೆ ನಿಜಕ್ಕೂ ಬೇಜಾರಾಗಿತ್ತು.

ಪುಟಾಣಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಹುಬ್ಬು ಗಂಟಾಗಿತ್ತು. “ಅಲ್ಲ ಅಂತ ಹೇಗೆ ಗೊತ್ತಾಯ್ತು?”

ಜಿಗಣೆ ಅವಳ ಮುಖ ನೋಡಿದಳು. ದಪ್ಪ ದನಿಯ ಅಪ್ಪನೂ ನಗು ನಿಲ್ಲಿಸಿ ಈ ಕಡೆ ತಿರುಗಿದ್ದರು.

ಸೋಮವಾರ ಅಷ್ಟು ಚಪ್ಪಾಳೆ ಬಿದ್ದಿತ್ತು. ಆದರೆ ಅದು ನಕ್ಷತ್ರವೇ ಎಂದು ಹೇಗೆ ಗೊತ್ತು ಎಂದು ಒಬ್ಬರೂ ಕೇಳಿರಲಿಲ್ಲ. ಎಲ್ಲದಕ್ಕೂ ಪ್ರಶ್ನೆ ಕೇಳುವ ಅವಳೂ ಕೇಳಿರಲಿಲ್ಲ. ಯಾರಾದರೂ ಕೇಳಿದ್ದರೆ ಅವಳ ಹತ್ತಿರ ಉತ್ತರವೂ ಇರಲಿಲ್ಲ. ಇವತ್ತು ಇತ್ತು.

ಅವಳು ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿದಳು.

“ಕೂತ್ಕೊಳ್ಳಿ,” ಎಂದಳು. “ಸ್ವಲ್ಪ ಉದ್ದ ಇದೆ.”